ಮಾವನವರನ್ನು ಕಾರ್ವಿ ನೋಡಲು ಕರೆದದ್ದು

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಎಲ್ಲರೂ ಅಂಗಳದಲ್ಲಿ ಗುಲಾಬಿ, ದಾಸವಾಳ ಬೆಳೆಸಿದರೆ ನಾನು ಹಟಕ್ಕೆ ಬಿದ್ದು ಕಂಪೌಂಡಿನುದ್ದಕ್ಕೂ ಕಾರ್ವಿ ಹಚ್ಚಿದೆ. ಖಾನಾಪುರದ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಈ ಪೊದೆ ಏಳೆಂಟು ವರ್ಷಕ್ಕೊಮ್ಮೆ ಮೈತುಂಬ ನೀಲಿ ಹೂ ಬಿಟ್ಟು ಒಣಗಿಹೋಗುತ್ತದೆ. ಅಲ್ಲಿಯವರೆಗೆ ಒರಟು ಎಲೆ, ನೆಟ್ಟನೆಯ ಕೋಲು, ಅಷ್ಟೇ. "ಸರ್, ನಿಮ್ಮ ಬೇಲಿ ಹೂ ಬಿಡೂದು ಯಾವಾಗ್ರೀ?" ಎಂದು ಪಕ್ಕದ ಮನೆಯವರು ಪ್ರತಿ ಶ್ರಾವಣದಲ್ಲೂ ಕೇಳುತ್ತಿದ್ದರು. "ಮುಂದಿನ ವರ್ಷರೀ" ಎಂದು ನನ್ನ ಪರವಾಗಿ ಹೆಂಡತಿ ಹೇಳುತ್ತಿದ್ದಳು. ಅವಳಿಗೇ ಅದರಲ್ಲಿ ನಂಬಿಕೆ ಇರಲಿಲ್ಲ.

ನೆರೆಯವರ ಮಾತು ಹಾಳಾಗಲಿ. ನನಗೆ ಬೇಕಾಗಿದ್ದದ್ದು ಖಾನಾಪುರದ ಆಚೆ, ಕಾಡಂಚಿನ ಹಳ್ಳಿಯಲ್ಲಿರುವ ಮಾವನವರ ಒಂದೇ ಒಂದು ಮೆಚ್ಚುಗೆ. ಮದುವೆಯಾದಾಗಿನಿಂದ ಆ ಮನುಷ್ಯ ನನ್ನನ್ನು ಹೊಗಳಿದ್ದಿಲ್ಲ. ನೌಕರಿ ಯಾವುದೆಂದು ಕೇಳಿ "ಹೂಂ" ಎಂದಿದ್ದರು. ಹೊಸ ಮನೆಯ ಗೋಡೆಯನ್ನು ಬಡಿದು ನೋಡಿ ಮತ್ತೆ "ಹೂಂ". ಮೊಮ್ಮಗಳು ಹುಟ್ಟಿದಾಗ ನಕ್ಕರು ನಿಜ, ಆದರೆ ಮಗಳ ಕಡೆ ನೋಡಿ ನಕ್ಕರು. ಅವರ ಊರಿನ ಗಿಡವನ್ನೇ ನಮ್ಮಂಗಳದಲ್ಲಿ ಅರಳಿಸಿ ತೋರಿಸಿದರೆ ಏನಾದರೂ ಅಂದಾರು ಎಂಬುದು ನನ್ನ ಆಸೆ.

ಅಂತೂ ಒಂದು ಮಳೆಗಾಲ ಗಿಡದ ತುಂಬ ಮೊಗ್ಗು ಬಂತು. ಕೂಡಲೇ ಫೋನು ಹಚ್ಚಿದೆ. "ಮಾಮಾರ, ನಮ್ಮ ಕಾರ್ವಿ ಭಾಳ ಚಲೋ ಬಂದೈತ್ರಿ, ಬಂದು ಹೋಗ್ರಿ."

"ಹೂಂ" ಎಂದರು.

ಅವರ ಊರಲ್ಲಿ ಕಾರ್ವಿ ನೋಡಲಿಕ್ಕೆಂದು ಯಾರೂ ಯಾರನ್ನೂ ಕರೆಯುವುದಿಲ್ಲ, ಕಡಿಯಲು ಕರೆಯುತ್ತಾರೆ. ಆ ಕೋಲು ಹೆಣೆದು ಮಣ್ಣು ಮೆತ್ತಿದರೆ ಗೋಡೆ, ಮೇಲೆ ಬಳ್ಳಿ ಹಬ್ಬಿಸಿದರೆ ಹಂದರ. ಇದು ನನಗೆ ಗೊತ್ತಿತ್ತು. ಆದರೆ ಆ ಖುಷಿಯಲ್ಲಿ ತಲೆಗೆ ಹೊಳೆಯಲಿಲ್ಲ.

ಮರುದಿನ ಅವರು ಮುಂಜಾನೆಯ ಬಸ್ಸಿಗೇ ಬಂದಾಗ ನಾನು ಅವರಿಗಾಗಿ ಕುಂದಾ ತರಲು ಪೇಟೆಗೆ ಹೋಗಿದ್ದೆ. ತಿರುಗಿ ಬಂದು ಗೇಟು ತೆಗೆದರೆ ಕಂಪೌಂಡು ಬೋಳು. ಮಾವನವರು ಊರಿಂದಲೇ ತಂದ ಕುಡಗೋಲನ್ನು ಬದಿಗಿಟ್ಟು, ಹೀರೆಬಳ್ಳಿಗೆ ಹಂದರ ಕಟ್ಟುತ್ತಿದ್ದರು. ಮೊಗ್ಗುಗಳೆಲ್ಲ ಎಲೆಯ ರಾಶಿಯಲ್ಲಿ ಬಿದ್ದಿದ್ದವು. ಹೆಂಡತಿ ಚಹಾ, ನಾಷ್ಟಾ ಮಾಡಿ ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಏನೂ ಅನ್ನಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತ್ತು, ಜೊತೆಗೆ ಅಳುವೂ ಬರುವಂತಿತ್ತು.

"ಬರ್ರಿ ಅಳ್ಯಾರ," ಎಂದು ಮಾವನವರು ಒಂದು ಕೋಲನ್ನು ಎತ್ತಿ ಹಿಡಿದರು. "ಇಷ್ಟು ನೆಟ್ಟನ ಕೋಲು ನಮ್ಮ ಅಡವ್ಯಾಗೂ ಸಿಗಂಗಿಲ್ಲ. ಹೂ ಬಿಟ್ಟು ಒಣಗಿದ್ರ ಲಟಕ್ಕನ ಮುರೀತಾವು. ಬರೋಬರಿ ಟೈಮಿಗೆ ಕರದ್ರಿ. ಖರೇ ಹೇಳ್ತೀನಿ, ನಿಮಗ ಇಷ್ಟು ತಿಳೀತೈತಿ ಅಂತ ನಾ ಅನ್ಕೊಂಡಿದ್ದಿಲ್ಲ."

ಹಾಗೆಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

ನೀರಿನ ಟಾಕಿಯ ಹಿಂದೆ, ಅವರ ಕಣ್ಣಿಗೆ ಬೀಳದ ಒಂದು ಪೊದೆ ಮೊಗ್ಗು ಹೊತ್ತು ಇನ್ನೂ ನಿಂತಿತ್ತು. ಹೆಂಡತಿಯೂ ಅದನ್ನು ನೋಡಿದ್ದಳು. ಅದೊಂದಾದರೂ ಉಳಿಯಲಿ ಎಂದು ಮೆಲ್ಲಗೆ ಅದಕ್ಕೆ ಅಡ್ಡ ಬಂದು ನಿಂತಳು.

"ಮಾಮಾರ," ಎಂದೆ ನಾನು, "ಟಾಕಿ ಹಿಂದ ಇನ್ನೊಂದು ಉಳದೈತಿ ನೋಡ್ರಿ. ಅದು ಇವಕ್ಕಿಂತ ನೆಟ್ಟಗೈತಿ."