ಅಕ್ಕ ಬಿಚ್ಚಬೇಕಿದ್ದ ಗಂಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯವರಿಗೆ ಚಳಿಗಾಲದಲ್ಲಿ ಇದ್ದದ್ದು ಒಂದೇ ಪ್ರಯಾಣ. ಸಂಕ್ರಾಂತಿಗೆ ಅಕ್ಕನನ್ನು ತವರಿಗೆ ಕರೆದುಕೊಂಡು ಬರುವುದು. ಮೊಮ್ಮಕ್ಕಳೇ, ಈ ರಜೆಯಲ್ಲಿ ನೀವು ಜಪಾನಿಗೆ ಹೋಗಿ ಹಿಮದಲ್ಲಿ ಹೊರಳಾಡಿ ಬಂದ ಫೋಟೊಗಳನ್ನು ನೋಡುವಾಗ ನನಗೆ ಅದೇ ನೆನಪಾಯಿತು. ನಗಬೇಡಿ. ತುರುವನೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಚಿಕ್ಕಜಾಜೂರಿನ ಆಚೆಗೆ ಹೋಗುವುದೆಂದರೆ ಎಂಟು ವರ್ಷದ ನನಗೆ ಪರದೇಶಕ್ಕೆ ಹೋದಂತೆಯೇ ಇತ್ತು.

ಅದು ಅರವತ್ತರ ದಶಕದ ಆರಂಭ. ಅಕ್ಕನ ಮದುವೆಯಾಗಿ ಎರಡು ವರ್ಷವಾಗಿತ್ತು. ಹೊರಡುವ ದಿನ ಅಮ್ಮ ಕೋಳಿ ಕೂಗುವ ಮೊದಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದಳು. ಅದರ ಜೊತೆಗೆ ಗುರೆಳ್ಳಿನ ಚಟ್ನಿಪುಡಿ, ಅವರೆಕಾಳಿನ ಪಲ್ಯ, ಎಲೆಯಲ್ಲಿ ಸುತ್ತಿದ ಬೆಣ್ಣೆ. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿಟ್ಟು ಬುತ್ತಿ ಕಟ್ಟಿದಳು. ಗಂಟಿನ ತುದಿಗಳು ಮೊಲದ ಕಿವಿಯ ಹಾಗೆ ನಿಂತಿದ್ದವು. ಆ ಗಂಟು ಹಾಕಲು ಅಮ್ಮನನ್ನೂ ಅಕ್ಕನನ್ನೂ ಬಿಟ್ಟರೆ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಆ ಬುತ್ತಿಗೆ ಒಂದು ಕಟ್ಟಳೆಯಿತ್ತು. ಹೋಗುವಾಗ ಅದನ್ನು ಮುಟ್ಟುವಂತಿಲ್ಲ. ಬೀಗರ ಮನೆಗೆ ಕೊಡಲು ಬಾಳೆಹಣ್ಣು, ಕೊಬ್ಬರಿ ಬೇರೆಯೇ ಇರುತ್ತಿದ್ದವು. ಬರುವಾಗ ಚಿಕ್ಕಜಾಜೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತು, ತವರಿಗೆ ಹೊರಟ ಮಗಳೇ ತನ್ನ ಕೈಯಾರೆ ಗಂಟು ಬಿಚ್ಚಬೇಕು. ಆಮೇಲೆ ಎಲ್ಲರೂ ಉಣ್ಣಬೇಕು. ನಮ್ಮ ಅಜ್ಜಿಯ ಕಾಲದಿಂದಲೂ ಹೀಗೆಯೇ. ಹಿಂದಿನ ವರ್ಷ ಅಕ್ಕ ಹಾಗೆಯೇ ಬಿಚ್ಚಿ, ಮೊದಲ ತುತ್ತನ್ನು ನನ್ನ ಬಾಯಿಗೆ ಇಟ್ಟಿದ್ದಳು.

ಅಪ್ಪನ ಕಂಬಳಿಯೊಳಗೆ ಮುದುಡಿಕೊಂಡು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬಂದು, ಅಲ್ಲಿ ರೈಲು ಹತ್ತಿದೆವು. ಹೊರಗೆ ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಬುತ್ತಿ ನನ್ನ ತೊಡೆಯ ಮೇಲಿತ್ತು. ಅದರ ಬಿಸಿ ಚಡ್ಡಿಯೊಳಗೆ ಇಳಿಯುತ್ತಿತ್ತು. ಎಳ್ಳಿನ ಘಮ ಮೂಗಿಗೆ ಬಡಿದು ಹೊಟ್ಟೆ ಚುರುಗುಟ್ಟುತ್ತಿತ್ತು.

ಚಿಕ್ಕಜಾಜೂರಿನಲ್ಲಿ ಇಳಿದಾಗ ಹಸಿವು ತಡೆಯಲಾಗಲಿಲ್ಲ. "ಬೀಗರ ಮನೇಲಿ ಉಣ್ಣಾಣ, ತಡಿಯೋ" ಎಂದು ಅಪ್ಪ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ವಾಪಸ್ ಗಾಡಿಯ ಹೊತ್ತು ಕೇಳಲು ಹೋದರು. ಅಷ್ಟು ಸಾಕಾಯಿತು. ಗಂಟು ಎಳೆದೆ, ಒಂದು ರೊಟ್ಟಿ ತೆಗೆದೆ, ಬೆಣ್ಣೆಯೂ ಇಲ್ಲದೆ ಗಬಗಬ ತಿಂದೆ. ಕಟ್ಟಲು ಹೋದಾಗ ಆ ಗಂಟು ಬರಲಿಲ್ಲ. ಮೊಲದ ಕಿವಿ ನಿಲ್ಲಲೇ ಇಲ್ಲ. ಹೇಗೋ ಸುತ್ತಿ, ಕಂಬಳಿಯ ಕೆಳಗೆ ಬಚ್ಚಿಟ್ಟುಕೊಂಡೆ.

ಅಕ್ಕನ ಊರಿಗೆ ಒಂದು ಗಂಟೆಯ ನಡಿಗೆ. ನಮ್ಮನ್ನು ಕಂಡ ಕೂಡಲೇ ಅಕ್ಕ ಕಣದಿಂದ ಓಡಿ ಬಂದಳು. ತಲೆ ತುಂಬ ರಾಗಿ ಹೊಟ್ಟು. ಮೊದಲಿಗಿಂತ ಬಡವಾಗಿದ್ದಳು. ಅವಳ ಮಾವ ಚಾಪೆ ಹಾಸಿ ಕೂರಿಸಿದರು, ಊಟಕ್ಕೆ ಹಾಕಿಸಿದರು, ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ಆದರೆ ಅಪ್ಪ ವಿಷಯ ತೆಗೆದಾಗ ತಲೆ ಅಲ್ಲಾಡಿಸಿದರು.

"ಈ ವರ್ಷ ಆಗಲ್ಲ ಬೀಗರೇ. ಕಣದ ಕೆಲಸ ಇನ್ನೂ ಬಾಳ ಐತೆ. ಯುಗಾದಿಗೆ ಕಳಿಸ್ತೀವಿ."

"ಎರಡೇ ದಿನ ಕಳಿಸ್ರಿ. ನಾನೇ ಕರ್ಕಂಡು ಬಂದು ಬಿಟ್ಟು ಹೋಗ್ತೀನಿ. ಅವರಮ್ಮ ದಾರಿ ನೋಡ್ತಿರ್ತಾಳೆ."

"ಹೇಳಿದೆನಲ್ಲ ಬೀಗರೇ, ಯುಗಾದಿಗೆ."

ಬಾಗಿಲ ಹಿಂದೆ ನಿಂತಿದ್ದ ಅಕ್ಕನ ಬಳೆ ಸದ್ದಾಯಿತು. ಅಷ್ಟೇ. ನಾನು ಬುತ್ತಿಯನ್ನು ಕಂಬಳಿಯ ಒಳಕ್ಕೆ ಇನ್ನಷ್ಟು ತಳ್ಳಿದೆ. ಗಂಟು ಬಿಚ್ಚಿದ್ದರಿಂದಲೇ ಅಕ್ಕನನ್ನು ಕಳಿಸುತ್ತಿಲ್ಲ, ಎಲ್ಲಾ ನನ್ನಿಂದಲೇ ಆಯಿತು ಎಂದುಕೊಂಡೆ.

ನೀರು ತರುವ ನೆಪದಲ್ಲಿ ಕೊಡ ಹಿಡಿದು ಅಕ್ಕ ಊರ ಹೊರಗಿನ ಹುಣಸೆಮರದವರೆಗೂ ಬಂದಳು. ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಮುಂದೆ ಮುಂದೆ ಹೋಗುತ್ತಿದ್ದರು. ಅಕ್ಕ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಕೇಳಿದಳು.

"ಲೇ ತಮ್ಮಾ, ಅಮ್ಮ ಸಜ್ಜೆ ರೊಟ್ಟಿ ಮಾಡ್ಯಾಳೇನೋ? ಒಂದು ಕೊಡೋ, ಇಲ್ಲೇ ತಿಂತೀನಿ."

ಕೊಡಬಹುದಿತ್ತು. ಆದರೆ ಕಳ್ಳತನ ಬಯಲಾಗುತ್ತದೆಂಬ ಭಯಕ್ಕೆ ಬುತ್ತಿಯನ್ನು ಎದೆಗೆ ಅವುಚಿಕೊಂಡೆ. "ಈಗ ಬಿಚ್ಚಂಗಿಲ್ಲ. ನೀನು ನಮ್ ಜೊತೆ ಬಂದಾಗ್ಲೇ ಬಿಚ್ಚಬೇಕು" ಎಂದೆ.

ಅಕ್ಕ ನಕ್ಕಳು. "ಹೌದಲ್ಲ, ನಾನೇ ಮರ್ತಿದ್ದೆ. ಯುಗಾದಿಗೆ ಬರ್ತೀನಲ್ಲ, ಆವಾಗ ಬಿಚ್ತೀನಿ ಬಿಡು." ಬುತ್ತಿಯನ್ನು ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದಳು. ಅವಳ ಬೆರಳು ನನ್ನ ಸೊಟ್ಟ ಗಂಟಿಗೆ ತಗುಲಿ ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು. "ಸಡ್ಲ ಆಗೈತೆ ನೋಡು" ಎಂದವಳೇ, ಒಳಗೆ ಇಣುಕದೆ, ಅಮ್ಮನ ಗಂಟನ್ನೇ ಹಾಕಿ, ಎರಡು ಕಿವಿ ನಿಲ್ಲಿಸಿ, ನನ್ನ ಕೈಗೆ ಕೊಟ್ಟಳು. ನನಗೆ ಬೈಗುಳ ಬೀಳಬಾರದೆಂದು ಹಾಗೆ ಮಾಡಿದಳು.

ಸ್ಟೇಷನ್ನಿನ ಬೆಂಚಿನ ಮೇಲೆ ಅಪ್ಪನೂ ನಾನೂ ಬುತ್ತಿಯನ್ನು ನಡುವೆ ಇಟ್ಟುಕೊಂಡು ಕುಳಿತೆವು. ಯಾರೂ ಬಿಚ್ಚಲಿಲ್ಲ. ಮನೆಯಲ್ಲಿ ಆ ಕಿವಿಗಳನ್ನು ಕಂಡ ಅಮ್ಮ ಅದನ್ನು ಹಾಗೆಯೇ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತುಬಿಟ್ಟಳು.

ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ಜ್ವರ ಬಂದು ಅಕ್ಕ ತೀರಿಕೊಂಡಳು. ನಾನು ರೊಟ್ಟಿ ತಿಂದಿದ್ದಕ್ಕೆ ಅವಳು ಬರಲಿಲ್ಲ ಎಂಬ ಹೆದರಿಕೆ ನಾನು ದೊಡ್ಡವನಾದಂತೆ ಕರಗಿಹೋಯಿತು. ಆದರೆ ಕೇಳಿದಾಗ ಕೊಡಲಿಲ್ಲವಲ್ಲ, ಆ ಸಂಕಟ ಇವತ್ತಿಗೂ ಹೋಗಿಲ್ಲ.

ಜಪಾನಿನಲ್ಲಿ ಒಂದೊಂದು ಸ್ಟೇಷನ್ನಿನಲ್ಲೂ ಆ ಊರಿನದೇ ತಿನಿಸಿನ ಡಬ್ಬಿ ಸಿಗುತ್ತದೆ, ರೈಲು ಹೊರಡುವ ಮೊದಲೇ ನೀವು ಅದನ್ನು ಖಾಲಿ ಮಾಡಿದಿರಿ ಎಂದು ನಿಮ್ಮ ಅಮ್ಮ ದೂರು ಹೇಳಿದಳು. ನಾನು ಬಯ್ಯಲಿಲ್ಲ. ಹೊಸ ವರ್ಷಕ್ಕೆ ಅಲ್ಲಿ ಎಲ್ಲರೂ ಹುಟ್ಟೂರಿಗೆ ಹೋಗುತ್ತಾರೆ, ರೈಲಿನಲ್ಲಿ ಕಾಲಿಡಲೂ ಜಾಗವಿಲ್ಲ ಎಂದಿರಿ. "ಮದುವೆಯಾದ ಹೆಣ್ಣುಮಕ್ಕಳೂ ಹೋಗ್ತಾರಾ?" ಎಂದು ಕೇಳಿದೆ. "ಹೋಗ್ದೆ ಏನು ತಾತ? ಅದಕ್ಕೆ ಯಾರನ್ನ ಕೇಳ್ಬೇಕು?" ಎಂದು ನನ್ನ ಮೊಮ್ಮಗಳು ನಕ್ಕಳು.

ನನಗೆಂದು ನೀವು ಅಲ್ಲಿಂದ ಅಕ್ಕಿಹಿಟ್ಟಿನ ಸಿಹಿ ತಂದಿರಿ. ಡಬ್ಬಿಯನ್ನು ಹೂವಿನ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿತ್ತು, ಮೇಲೆ ಎರಡು ಕಿವಿ ನಿಂತಿದ್ದವು. "ಬಿಚ್ಚಿ ತಾತ" ಎಂದಿರಿ. ನನ್ನ ಕೈ ಮುಂದೆ ಹೋಗಲಿಲ್ಲ. ಮುದುಕನ ಬೆರಳಿಗೆ ಬಲವಿಲ್ಲ ಎಂದುಕೊಂಡಿರಬೇಕು ನೀವು. ಅದಕ್ಕಲ್ಲ ಮಕ್ಕಳೇ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೀನೇ ಬಿಚ್ಚಮ್ಮ, ಈಗಲೇ ಬಿಚ್ಚು" ಎಂದದ್ದು.