ಒಂದೇ ಸಾಲಿನ ಮೀನುಗಾರ

ಎರಡು ಸಾವಿರದ ಇಸವಿ ಕಳೆದ ಹೊಸತು. ಕಾರವಾರದಲ್ಲಿ ಡಿಪ್ಲೊಮಾ ಓದುತ್ತಿದ್ದ ನನಗೆ ಒಂದು ಆಟದ ಹುಚ್ಚು ಹಿಡಿದಿತ್ತು. ಮುಂಬೈಯ ದೊಡ್ಡಪ್ಪನ ಮಗ ಅದರ ನಿಯಮಗಳ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಕೊಟ್ಟಿದ್ದ. ಒಬ್ಬ ಕತೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಫಲ ಏನೆಂದು ದಾಳ ಹೇಳುತ್ತದೆ; ಅಂಕೆ ದೊಡ್ಡದಾದಷ್ಟೂ ಒಳ್ಳೆಯದು. ಇಪ್ಪತ್ತು ಮುಖದ ದಾಳ ನಮ್ಮಲ್ಲೆಲ್ಲಿ? ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿಕೊಂಡೆವು. ಕತೆ ನಡೆಸುವವನು ನಾನೇ. ಬೇರೆಯವರಿಗೆ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಒಂದು ಸಾಹಸಕ್ಕೆಂದು ಇನ್ನೂರು ಪುಟದ ನೋಟ್‌ಬುಕ್ ತುಂಬಿಸಿದೆ. ಕೋಟೆ, ನಿಧಿ, ಬಾಗಿಲಿಗೊಬ್ಬ ಕಾವಲುಗಾರ, ಅವನಾಡುವ ಮಾತು ಸಮೇತ. ಭಾನುವಾರ ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯಲ್ಲಿ ಮೂವರು ಗೆಳೆಯರು ಕೂತರು. ಕತೆಯ ಊರಿನ ವರ್ಣನೆಗೆ ಶೋಭೆ ಇರಲೆಂದು ಬರೆದ ಒಂದು ಸಾಲು ಓದಿದೆ: ನಿನ್ನೆ ಕಡಲಿಗೆ ಹೋದ ಮೀನುಗಾರನೊಬ್ಬ ಇನ್ನೂ ಮರಳಿಲ್ಲ. ಮುಂದಿನದು ಕೋಟೆಯ ದಾರಿ.

ಅಂಕೋಲೆಯ ಮೀನುಗಾರರ ಮನೆಯ ಗೆಳೆಯ ತಡೆದ. "ದೋಣಿ ಬರ್ಲಿಲ್ಲ ಅಂದ್ಮೇಲೆ ಕೋಟೆಗೆ ಹೆಂಗೆ ಹೋಗೂದು? ನಮ್ಮಲ್ಲಿ ಅವತ್ತು ಯಾರೂ ಬಲೆ ಹಾಕೂದಿಲ್ಲ. ಎಲ್ಲಾ ದೋಣಿನೂ ಹುಡ್ಕೂಕೆ ಹೋಗೂದು."

ಅವನ ಚಿಕ್ಕಪ್ಪ ಹೀಗೆಯೇ ಹೋದವರು ಸಿಕ್ಕಿರಲೇ ಇಲ್ಲ. ಅದು ನನಗೆ ಗೊತ್ತಿತ್ತು; ಬರೆಯುವಾಗ ನೆನಪಾಗಿರಲಿಲ್ಲ, ಅಷ್ಟೆ. ನಾಚಿಕೆಯಾಗಿ ನೋಟ್‌ಬುಕ್ ಮುಚ್ಚಿದೆ.

ಗಾಳಿ ಯಾವ ಕಡೆಯದು, ಉಬ್ಬರವೋ ಇಳಿತವೋ ಎಂದು ಅವನು ಕೇಳಿದ. ನನ್ನ ಇನ್ನೂರು ಪುಟದಲ್ಲಿ ಗಾಳಿಯೇ ಇರಲಿಲ್ಲ. ವಾಯವ್ಯದ್ದು, ಇಳಿತ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವನು ನೋಟ್‌ಬುಕ್ ಎಳೆದುಕೊಂಡು, ನನ್ನ ಕೋಟೆಯ ನಕ್ಷೆಯ ಮೇಲೆಯೇ ದಡ, ಅಳಿವೆ, ಬಂಡೆ ಬರೆದ. ಹುಟ್ಟು ಕಳೆದುಕೊಂಡ ದೋಣಿ ಎಲ್ಲಿಗೆ ತೇಲುತ್ತದೆಂದು ಒಂದು ಗೆರೆ ಎಳೆದ. ಉಳಿದಿಬ್ಬರೂ ಆಟದೊಳಗೆ ತಲೆಗೊಂದು ದೋಣಿ ಕಡಲಿಗಿಳಿಸಿದರು. ನಾನು ಬಾಯಿಬಿಟ್ಟು ನೋಡುತ್ತಿದ್ದೆ. ನನ್ನಿಂದ ಹುಟ್ಟಿಸಲಾಗದ ಸಮುದ್ರ ಅವನ ಒಂದು ಗೆರೆಗೆ ಕೋಣೆಯೊಳಗೆ ಬಂದಿತ್ತು. ಅಷ್ಟು ದೊಡ್ಡದನ್ನು ನಾನು ಆಮೇಲೆ ಯಾವ ಆಟದಲ್ಲೂ ಕಂಡಿಲ್ಲ.

ಮೀನುಗಾರ ಸಿಕ್ಕನೋ ಇಲ್ಲವೋ, ಚೀಟಿ ಎತ್ತಬೇಕು. ಗೆಳೆಯನೇ ಡಬ್ಬಿಗೆ ಕೈ ಹಾಕಿದ. ಬಂದದ್ದು ಹದಿನೆಂಟು. ಬಂಡೆಯ ಮೇಲೆ ಕೂತಿದ್ದಾನೆ, ಬದುಕಿದ್ದಾನೆ ಎಂದೆ. ಹಳೇ ಬುದ್ಧಿ ಮತ್ತೆ ಬಂತು: ಮೀನುಗಾರನ ಬಾಯಿಂದ ನಿಧಿಯ ಸುಳಿವು ಹೇಳಿಸಲು ಹೊರಟೆ.

"ತಡಿಯೋ," ಎಂದ ಗೆಳೆಯ. "ಮೊದ್ಲು ಅಂವಂಗೆ ನೀರು ಕುಡ್ಸೂದು. ಮಾತು ಆಮೇಲೆ."

ನಿಧಿಯ ಮಾತು ಅವತ್ತು ಬರಲೇ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಸಾಹಸಕ್ಕೂ ನಾನು ಬರೆದುಕೊಂಡು ಹೋಗುತ್ತಿದ್ದುದು ಎರಡೇ ಸಾಲು: ಗಾಳಿ ಯಾವ ಕಡೆಯದು, ಯಾರು ಇನ್ನೂ ಮನೆಗೆ ಬಂದಿಲ್ಲ.