ಚಿಕ್ಕಮ್ಮನ ಪದಕ್ಕೆ ನಿಂತ ಕೈಗಳು

“ಹೂ ಕಟ್ಟೋರ ಮನೇಲಿ ಓದೂ ಇಲ್ಲ, ಬರಹಾನೂ ಇಲ್ಲ. ಆಗದ ಮಾತಾಡಬೇಡಿ” ಅಂದಿದ್ದವರು ನಮ್ಮ ದೊಡ್ಡಪ್ಪ. ನಾನು ಕಾಲೇಜು ಸೇರ್ತೀನಿ ಅಂದಾಗಲೂ ಅದೇ ಮಾತು, ಸರೋಜ ಚಿಕ್ಕಮ್ಮ ಪದ ಕಟ್ಟಿ ಹೇಳಿದಾಗಲೂ ಅದೇ ಮಾತು. ನಾನು ಡಿಗ್ರಿ ಮಾಡಿದೆ. ನಮ್ಮ ವಂಶದಲ್ಲಿ ನಾನೇ ಮೊದಲು, ಹೇಳಿಕೊಳ್ಳೋಕೆ ನನಗೇನೂ ಸಂಕೋಚವಿಲ್ಲ. ಚಿಕ್ಕಮ್ಮನ ವಿಷಯ ಮಾತ್ರ ಹಾಗೇ ಉಳಿದಿತ್ತು.

ಈಗಲೂ ಗಾಂಧಿ ಬಜಾರಿನಲ್ಲಿ ಮರುಗದ ವಾಸನೆ ಮೂಗಿಗೆ ಬಡಿದರೆ ನನಗೆ ನಿಂತಲ್ಲಿ ನಿಲ್ಲೋಕಾಗಲ್ಲ. ಆ ಬೀದಿಯ ಹಿಂದೆಯೇ ನಮ್ಮ ಹೆಂಚಿನ ಮನೆ ಇತ್ತು. ಈಗ ಅಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಮಧ್ಯಾಹ್ನವಾದರೆ ಅಜ್ಜಿ, ಅಮ್ಮ, ಚಿಕ್ಕಮ್ಮ ಒದ್ದೆ ಗೋಣಿಚೀಲದ ಸುತ್ತ ಕೂರುತ್ತಿದ್ದರು. ಬೇಸಿನ್ನಿನಲ್ಲಿ ನೆನೆದ ಬಾಳೆನಾರು, ರಾಶಿ ಮಲ್ಲಿಗೆ, ವಾಸನೆಯೇ ಇಲ್ಲದ ಕನಕಾಂಬರ, ಅದರ ಪಾಲಿನದನ್ನೂ ಸೇರಿಸಿ ಘಮ್ಮೆನ್ನುವ ಮರುಗ. ಹೂ ಕಟ್ಟುತ್ತಲೇ ಚಿಕ್ಕಮ್ಮ ಪದ ಹೇಳುತ್ತಿದ್ದಳು. ಚೆನ್ನಾಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪದ ನಾಟಿದರೆ ಕೈಗಳು ನಿಲ್ಲುತ್ತಿದ್ದವು, ಗಂಟು ಅರ್ಧಕ್ಕೇ ಬಿಟ್ಟು, ಒಂದು ಗಳಿಗೆ. ಆಮೇಲೆ ಅಜ್ಜಿ, ಸಂಜೆ ಮಾರ್ಕೆಟ್ಟು ನಿಮಗೋಸ್ಕರ ಕಾಯುತ್ತಾ ಅಂತ ಗದರಿದರೆ ಮತ್ತೆ ಕೆಲಸ. ಕೈ ನಿಲ್ಲದ ಪದವನ್ನು ಚಿಕ್ಕಮ್ಮ ಇನ್ನೆಂದೂ ಬಾಯಿಗೆ ತರುತ್ತಿರಲಿಲ್ಲ. ಹಾಗೆ ಎಷ್ಟೋ ಹೋದವು. ಅಜ್ಜಿಯೂ ಅಮ್ಮನೂ ಹೋದ ಮೇಲೆ ಕೇಳುವ ಕೈಗಳೇ ಇಲ್ಲದೆ ಅವಳು ಸುಮ್ಮನಾದಳು.

ನಾನೂ ಕವಿತೆ ಬರೆಯುತ್ತೇನೆ. ಚಾಮರಾಜಪೇಟೆಯ ಓದುಗರ ಬಳಗವೊಂದರಲ್ಲಿ ಓದಿದ್ದೆ. ಚಿಕ್ಕಮ್ಮನ ನೆನಪಿನಲ್ಲಿ ಉಳಿದಿದ್ದಷ್ಟನ್ನು ಟೈಪ್ ಮಾಡಿ ಅವರಿಗೆ ಕಳಿಸಿದೆ. ಬಳಗದವರೆಲ್ಲ ಓದಿ, ಅವಳನ್ನು ಕರೆಸಿದರು. ಕಳೆದ ತಿಂಗಳು ಕರೆದುಕೊಂಡು ಹೋದೆ. ಇಲ್ಲಿ ನಾಟದಿದ್ದರೆ ಇವನ್ನೂ ಬಿಟ್ಟುಬಿಡುತ್ತಾಳೆ, ಇವು ಬಿಟ್ಟರೆ ಅವಳ ಹತ್ತಿರ ಬೇರೆ ಇಲ್ಲ. ಅವಳು ಟೈಪ್ ಮಾಡಿದ ಹಾಳೆ ಹಿಡಿದು ಎದ್ದು ನಿಂತು ಓದಿದಳು:

“ಮಾರಿದ ಮಾಲೆ ಯಾರದೋ ಮುಡಿಗೆ,
ನಾರಿನ ಗೀರು ನನ್ನದೇ ಬೆರಳಿಗೆ.”

ಓದುತ್ತಾ ಓದುತ್ತಾ ಜನರ ಮಡಿಲು ನೋಡುತ್ತಿದ್ದಳು. ಮುಗಿಸಿ ಬಂದು ನನ್ನ ಕಿವಿಯಲ್ಲಿ, “ಯಾರ ಕೈಲೂ ಕೆಲಸಾನೇ ಇಲ್ವಲ್ಲೇ. ನಿಂತಿದ್ದು ಹೆಂಗೆ ಗೊತ್ತಾಗ್ಬೇಕು?” ಅಂದಳು. ಚಪ್ಪಾಳೆ ಹೊಡೀತಿದಾರಲ್ಲ ಚಿಕ್ಕಮ್ಮ ಅಂದೆ. “ಅದು ಎಲ್ಲರಿಗೂ ಹೊಡೀತಾರೆ. ನಿನಗೂ ಹೊಡೆದ್ರಂತಲ್ಲ” ಅಂದು ಹಾಳೆಗಳನ್ನು ಮಡಚಿ ಬ್ಯಾಗಿಗೆ ತುರುಕಿದಳು. ಮುಗೀತು ಅಂದುಕೊಂಡೆ.

ಅಷ್ಟರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಎದ್ದರು. ಬಸ್ಸಿನಲ್ಲಿ ಇದನ್ನು ಓದುತ್ತಾ ಕೂತು, ಇಳಿಯಬೇಕಾದ ಎನ್.ಆರ್. ಕಾಲೋನಿ ದಾಟಿಹೋಗಿದ್ದೇ ತಿಳಿಯಲಿಲ್ಲ, ವಾಪಸ್ಸು ನಡೆದುಕೊಂಡು ಬಂದೆ ಅಂದರು. ಅವರ ಪಕ್ಕ ಕೂತಿದ್ದ ಹುಡುಗಿಯ ಮನೆ ಕಾಟನ್‌ಪೇಟೆಯಲ್ಲಿ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಓದಿ ಹೇಳಿದಳಂತೆ. ಅಮ್ಮ ಹಂಚಿನ ಮೇಲಿನ ಚಪಾತಿ ಮರೆತು ಹಾಗೇ ನಿಂತುಬಿಟ್ಟರಂತೆ.

ಚಿಕ್ಕಮ್ಮ ತಲೆಯೆತ್ತಿದಳು. “ಸೀದೋಯ್ತಾ?”

“ಪೂರ್ತಿ ಸೀದೋಯ್ತು ಅಮ್ಮಾ” ಅಂದಳು ಹುಡುಗಿ.

ಚಿಕ್ಕಮ್ಮನ ಮುಖ ನೋಡಬೇಕಿತ್ತು ನೀವು. ಹಾಳೆಗಳನ್ನು ಬ್ಯಾಗಿನಿಂದ ತೆಗೆದು, ತೊಡೆಯ ಮೇಲಿಟ್ಟು ನೀವಿ ನೀವಿ ಸರಿಮಾಡಿದಳು. ಯಾರೂ ಕೇಳದೆಯೇ, ಇನ್ನೊಂದಿದೆ ಅಂತ ಎದ್ದು ಓದಿದಳು. ಅದಾದ ಮೇಲೆ ಇನ್ನೊಂದು.

ಕೊನೆಗೆ ಬಳಗದವರು ಅವಳ ಹೆಸರು ಬರೆದು, ಕಟ್ಟು ಹಾಕಿಸಿದ ಪ್ರಮಾಣಪತ್ರ ಕೊಟ್ಟರು. ಸೆರಗಿನಿಂದ ಗಾಜು ಒರೆಸಿ, ಒಂದು ಸಲ ಓದಿಕೊಂಡು, ನನ್ನ ಕೈಗಿಟ್ಟಳು.

“ನಮ್ಮ ಮನೆ ಓನರ್ರು ಗೋಡೆಗೆ ಮೊಳೆ ಹೊಡೆಯೋಕೆ ಬಿಡಲ್ಲ ಕಣೇ. ನಿನ್ನ ಡಿಗ್ರಿ ಪಕ್ಕ ಒಂಚೂರು ಜಾಗ ಇದ್ಯಾ?”